ಕಾಲಂ ಇಲ್ಲದ ಕೈಚಳಕ

ವೆಂಡೆಲ್ ಕ್ರೌಸ್ ತನ್ನ ತಪ್ಪನ್ನು ಒಪ್ಪಿಕೊಳ್ಳುವ ಜಾತಿಯ ಮನುಷ್ಯನಲ್ಲ. ಅಯೋವಾದ ಒಂದು ಸಣ್ಣ ಬೇಸ್‌ಬಾಲ್ ತಂಡದಲ್ಲಿ ಆಟಗಾರರ ಅಂಕಿಅಂಶ ತೂಗಿ ನೋಡುವ ಕೆಲಸ ಅವನದು. ಆಟ ನಡೆಯುವಾಗಲೂ ಮೈದಾನಕ್ಕೆ ಬೆನ್ನು ಹಾಕಿ ಕಂಪ್ಯೂಟರ್ ಪರದೆಯನ್ನೇ ನೋಡುತ್ತಾನೆ. ಹೆಂಡತಿ ಜೋಳದ ಸೂಪು ಬಡಿಸಿ ಹೇಗಿದೆಯೆಂದು ಕೇಳಿದರೆ, "ಕಳೆದ ಹತ್ತು ಸಲದ ಸರಾಸರಿಗಿಂತ ಮೇಲು" ಅನ್ನುತ್ತಾನೆ. ಎದುರು ವಾದಿಸಿದವರಿಗೆಲ್ಲ ಅವನದು ಒಂದೇ ಉತ್ತರ: "ಅದಕ್ಕೆ ನನ್ನ ಪಟ್ಟಿಯಲ್ಲಿ ಕಾಲಂ ಇಲ್ಲ." ಬ್ಯಾಟುಗಾರನ ಹಿಂದೆ ಕೂತು ಚೆಂಡು ಹಿಡಿಯುವ, ಆದರೆ ಬ್ಯಾಟು ಬೀಸಲು ಬಾರದ ಕ್ಯಾಚರ್ ಲಾನಿ ಪ್ರೂಯಿಟ್‌ನನ್ನು ತಂಡದಿಂದ ಬಿಡಿಸಿದ್ದೂ ಇದೇ ಮಾತಿನಿಂದ. "ಅವನು ಚೆಂಡು ಹಿಡಿಯೋ ರೀತಿಗೆ ಅಂಪೈರೇ ಮರುಳಾಗ್ತಾನೆ ಕಣಯ್ಯ, ಗುರಿ ತಪ್ಪಿ ಆಚೆ ಹೋದ ಚೆಂಡಿಗೂ ನಮ್ಮ ಕಡೆಗೇ ತೀರ್ಪು ಕೊಡ್ತಾನೆ. ಒಂದ್ಸಲ ಈ ಕಡೆ ತಿರುಗಿ ನೋಡು!" ಎಂದು ಮುದಿ ಕೋಚ್ ಡೆಲ್ಬರ್ಟ್ ಅಂದು ಬೇಡಿಕೊಂಡಿದ್ದ. ಆರು ವರ್ಷದ ಮೇಲೆ ಹೊಸ ಬಗೆಯ ಲೆಕ್ಕ ಬಂದು ಆ ಕೈಚಳಕಕ್ಕೂ ಒಂದು ಕಾಲಂ ಹುಟ್ಟಿತು. ವೆಂಡೆಲ್ ಹಳೆಯ ಆಟಗಳ ವಿಡಿಯೊ ತೆಗೆದು ಒಂದೊಂದು ಚೆಂಡನ್ನೂ ಎಣಿಸಿ ಹಾಳೆಯ ಮೇಲೆ ಬರೆದಿಟ್ಟ: ಇಡೀ ಲೀಗಿನಲ್ಲಿ ಲಾನಿಯಂಥ ಕ್ಯಾಚರ್ ಇನ್ನೊಬ್ಬನಿರಲಿಲ್ಲ. ಅಷ್ಟರಲ್ಲಿ ಲಾನಿಯ ಮಂಡಿ ಹೋಗಿತ್ತು. ಅವನು ಟೈರ್ ಅಂಗಡಿ ಸೇರಿದ್ದ. ಅಂದಿನಿಂದ ಪ್ರತಿ ವಸಂತದಲ್ಲೂ ವೆಂಡೆಲ್ ಸವೆಯದ ಟೈರು ಬದಲಿಸಲು ಅಲ್ಲಿಗೆ ಹೋಗುತ್ತಾನೆ. ಲಾನಿಗೆ ಕೊಡಲೆಂದು ಒಯ್ದ ಆ ಲೆಕ್ಕದ ಹಾಳೆ ಕೋಟಿನ ಜೇಬಿನಲ್ಲಿ ಹಾಗೆಯೇ ಮನೆಗೆ ಮರಳುತ್ತದೆ. "ಸಾರ್, ಈ ಟೈರು ಇನ್ನೂ ಮೂರು ವರ್ಷ ಬರುತ್ತೆ. ನಿಮ್ಮ ಲೆಕ್ಕ ಎಲ್ಲಿ ಹೋಯ್ತು?" ಎಂದು ಈ ಸಲ ಲಾನಿ ನಕ್ಕ. "ನನ್ನ ಲೆಕ್ಕ ತಪ್ಪಿತ್ತು ಲಾನಿ," ಎಂದ ವೆಂಡೆಲ್, ಹಾಳೆಯ ಮಡಿಕೆ ಬಿಡಿಸಿ, ಗ್ರೀಸು ಹತ್ತಿದ ಆ ಕೈಗೆ ಕೊಟ್ಟ.