ಮೇಲಿನ ಬನ್ನಿಲ್ಲದ ಅಮ್ಮ

ಪುಣೆಯ ಪಕ್ಕದ ಭೋಸರಿಯ ಕಾರ್ಖಾನೆಗಳ ಹಿಂದಿನ ಒಂದು ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ನಾನು ನಾಲ್ಕನೇ ತರಗತಿಗೆ ಇಂಗ್ಲಿಷ್ ಕಲಿಸುತ್ತಿದ್ದೆ. ಶಾಲೆಯ ಹೆಸರಿನಲ್ಲಿ ‘ಇಂಟರ್‌ನ್ಯಾಷನಲ್’ ಎಂದಿತ್ತು. ಎರಡು ರಾಜ್ಯಗಳ ಮಕ್ಕಳು ಬರುತ್ತಿದ್ದುದರಿಂದ ಆ ಹೆಸರಿಗೆ ಅಷ್ಟರ ಮಟ್ಟಿಗಾದರೂ ಆಧಾರವಿತ್ತು.

ಒಂದು ಸಲ ನಮ್ಮ ಕೋಆರ್ಡಿನೇಟರ್ ಮ್ಯಾಡಮ್ ಎರಡು ದಿನದ ತರಬೇತಿಗೆ ಹೋಗಿ ಬಂದರು. ನಾವು ಹೇಗೆ ಕಲಿಸಬೇಕೆಂದು ನಮಗೆ ಹೇಳಿಕೊಡುವುದು ಅವರ ಕೆಲಸ. ತಾವೇ ಕಲಿಸುವುದನ್ನು ಬಿಟ್ಟು ಎಷ್ಟೋ ವರ್ಷವಾಗಿದ್ದರಿಂದ ಅವರಿಗೆ ಈ ವಿಷಯದಲ್ಲಿ ಅನುಮಾನಗಳೇ ಇರಲಿಲ್ಲ. ಬರುವಾಗ ಒಂದು ಬರ್ಗರ್ ತಂದಿದ್ದರು. ಬಣ್ಣದ ಕಾಗದದ್ದು. ಪ್ಯಾರಾಗ್ರಾಫ್ ಎಂದರೆ ಇದು, ಎಂದರು. ಮೇಲಿನ ಬನ್ನು, ಏನು ಹೇಳುತ್ತೇನೆಂದು ಹೇಳುವ ವಾಕ್ಯ. ನಡುವೆ ಟೊಮೆಟೊ, ಎಲೆ, ಟಿಕ್ಕಿ, ಅಂದರೆ ಮೂರು ಕಾರಣ. ಕೆಳಗಿನ ಬನ್ನು, ಹೇಳಿದ್ದನ್ನೇ ಇನ್ನೊಮ್ಮೆ ಹೇಳುವ ವಾಕ್ಯ. ಐದು ವಾಕ್ಯ, ಐದು ಅಂಕ.

ನನ್ನ ತರಗತಿಯಲ್ಲಿ ಬರ್ಗರ್ ತಿಂದಿದ್ದವರು ಮೂವರು. ಉಳಿದವರು ಗೋಡೆಗೆ ಅಂಟಿಸಿದ್ದ ಆ ಕಾಗದದ ಬರ್ಗರ್ ನೋಡಿ, “ಟೀಚರ್, ವಡಾಪಾವ್!” ಎಂದು ಕೂಗಿದರು. ನನಗೂ ಅದೇ ಸರಿಯೆನಿಸಿತು. ಮ್ಯಾಡಮ್‌ಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಗಂಭೀರವಾಗಿ ಯೋಚಿಸಿ, “ಇಲ್ಲ, ಪಾವ್ ಒಂದು ಕಡೆ ಅಂಟಿಕೊಂಡಿರುತ್ತೆ. ಮೊದಲ ವಾಕ್ಯ, ಕೊನೆಯ ವಾಕ್ಯ ಬೇರೆ ಬೇರೆ ಇರಬೇಕು” ಎಂದರು. ಇಷ್ಟು ಆಳದ ವಿದ್ಯೆಗೆ ನಾನು ಎದುರಾಡಲಿಲ್ಲ.

ಪಾಲಕರು ಬರುವ ದಿನಕ್ಕೆ ಮಕ್ಕಳ ಬರಹ ಗೋಡೆಗೆ ಅಂಟಿಸಬೇಕಿತ್ತು. ವಿಷಯ, ನನ್ನ ಅಮ್ಮ. ನಲವತ್ತು ಮಕ್ಕಳು, ನಲವತ್ತು ಅಮ್ಮಂದಿರು. ನನ್ನ ಅಮ್ಮ ಪ್ರಪಂಚದಲ್ಲೇ ಅತ್ಯುತ್ತಮ ಅಮ್ಮ. ಒಂದು, ಅಡುಗೆ ಮಾಡುತ್ತಾಳೆ. ಎರಡು, ಓದಿಸುತ್ತಾಳೆ. ಮೂರು, ಪ್ರೀತಿಸುತ್ತಾಳೆ. ಆದ್ದರಿಂದ ನನ್ನ ಅಮ್ಮ ಪ್ರಪಂಚದಲ್ಲೇ ಅತ್ಯುತ್ತಮ ಅಮ್ಮ. ತಿದ್ದುತ್ತಾ ತಿದ್ದುತ್ತಾ, ಒಬ್ಬಳೇ ಹೆಂಗಸು ಇಡೀ ಭೋಸರಿಗೆ ಅಡುಗೆ ಮಾಡುತ್ತಿದ್ದಾಳೇನೋ ಅನಿಸತೊಡಗಿತು.

ಒಂದು ಹಾಳೆ ಮಾತ್ರ ಬೇರೆಯಿತ್ತು. ಬರೆದವಳು ನಮ್ಮ ವಿಜಯಪುರದ ಕಡೆಯ ಹುಡುಗಿ. ಅಪ್ಪ ಲೇತ್ ಯಂತ್ರದ ಮೇಲೆ ದುಡಿಯುವವನು. ಅವಳ ಇಂಗ್ಲಿಷ್ ಕುಂಟುತ್ತಿತ್ತು, ಆದರೆ ಹೇಳಿದ್ದು ಇಷ್ಟು: ‘ಮಂಗಳವಾರ ನೀರಿನ ಟ್ಯಾಂಕರ್ ಬರುತ್ತದೆ. ಅಮ್ಮ ಬೆಳಿಗ್ಗೆ ಡ್ರಮ್ ಸಾಲಿನಲ್ಲಿ ಇಡುತ್ತಾಳೆ. ಒಬ್ಬ ಅಂಕಲ್ ನಮ್ಮ ಡ್ರಮ್ ಹಿಂದೆ ತಳ್ಳಿದ. ಅಮ್ಮ ಅದನ್ನು ಮುಂದೆ ತಂದು ಅದರ ಮೇಲೆ ಕುಳಿತಳು. ಈಗ ತಳ್ಳು ಅಂದಳು. ಅಂಕಲ್ ತಳ್ಳಲಿಲ್ಲ. ಟ್ಯಾಂಕರ್ ತಡವಾಗಿ ಬಂತು. ನಾನು ಚಹಾ ಅಲ್ಲಿಗೇ ಒಯ್ದು ಕೊಟ್ಟೆ.’

ನಾನು ಎರಡು ಸಲ ಓದಿದೆ. ಮ್ಯಾಡಮ್ ಒಂದೇ ಸಲ ಓದಿ, “ಮೇಲಿನ ಬನ್ನು ಎಲ್ಲಿ?” ಎಂದರು. “ಕಾರಣಗಳೆಲ್ಲಿ? ಪಾಲಕರು ಏನೆಂದುಕೊಳ್ಳುತ್ತಾರೆ?”

ಆಗ ನಾನು ಏನು ಮಾಡಿದೆ? ಜಗಳವಾಡಿದೆ ಎಂದು ಬರೆಯಲು ಆಸೆ. ಆದರೆ ಹುಡುಗಿಯನ್ನು ಕರೆದು, ಹಾಳೆಯ ಮೇಲೂ ಕೆಳಗೂ ಉಳಿದಿದ್ದ ಜಾಗದಲ್ಲಿ ಆ ಅತ್ಯುತ್ತಮ ಅಮ್ಮನನ್ನು ಎರಡು ಸಲ ಬರೆಸಿದೆ. ಅವಳು ನಾಲಿಗೆಯ ತುದಿ ಕಚ್ಚಿಕೊಂಡು, ತಪ್ಪಿಲ್ಲದೆ ಬರೆದಳು. ಗೋಡೆಗೆ ಅಂಟಿಸಿದೆವು.

ಪಾಲಕರು ಬರುವ ದಿನ ಅವಳ ಅಮ್ಮನೂ ಬಂದಳು. ಸಣ್ಣ ಮೈಕಟ್ಟು, ಇನ್ನೂ ಸಣ್ಣ ದನಿ. ಮಗಳ ಹಾಳೆಯ ಮುಂದೆ ನಿಂತು, “ಅಕ್ಕಾರ, ನನಗ ಇಂಗ್ಲಿಷ್ ಬರಂಗಿಲ್ರಿ. ಏನ್ ಬರದಾಳ, ಒಂದೀಟು ಓದಿ ಹೇಳ್ರಿ” ಎಂದಳು.

ನಾನು ಒಂದೊಂದೇ ವಾಕ್ಯ ಕನ್ನಡದಲ್ಲಿ ಹೇಳಿದೆ. ಡ್ರಮ್ಮಿನ ಮೇಲೆ ಕುಳಿತಲ್ಲಿಗೆ ಬಂದಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. “ಅಯ್ಯ, ಇದನ್ನೂ ಬರದಾಳೇನ್ರಿ ಹುಚ್ಚಿ!” ಚಹಾದ ಮಾತಿಗೆ ನಗು ನಿಂತು ಕಣ್ಣು ತುಂಬಿತು. ಆಮೇಲೆ ಕೇಳಿದಳು, “ಮೊದಲ ಒಂದು ಓದಿದ್ರಲ್ಲ, ಪ್ರಪಂಚದಾಗ ಎಲ್ಲಾರಿಗಿಂತ ಛಲೋ ಅವ್ವ ಅಂತ? ಅದು ಆಕಿ ಬರದದ್ದಲ್ರಿ.”

“ಯಾಕ್ರಿ?”

“ಹಂಗ ಅನ್ನಾಕಿ ಅಲ್ರಿ ಆಕಿ. ನಿನ್ನೆ ಸಂಜಿಮುಂದ ಇಬ್ಬರೂ ಭಾಳ ಜಗಳಾಡೇವಿ.”

“ನಾನ ಬರಸೀನ್ರಿ” ಎಂದೆ.

ಅವಳು ನನ್ನ ಮುಖ ನೋಡಿದಳು. ಬೈಯಲಿಲ್ಲ. “ನೀವು ಕಲತಾವ್ರು, ನಿಮಗ ಗೊತ್ತಿರತದ ಬಿಡ್ರಿ” ಎಂದು ಹೊರಟಳು. ಬೈದಿದ್ದರೆ ಒಳ್ಳೆಯದಿತ್ತು.

ಸಂಜೆ ವೈಟ್ನರ್ ತಂದು ಎರಡೂ ವಾಕ್ಯ ಅಳಿಸಿದೆ. ಮರುದಿನ ಮ್ಯಾಡಮ್ ಬಿಳಿ ಪಟ್ಟೆಗಳನ್ನು ನೋಡಿ ಕಾರಣ ಕೇಳಿದರು. “ಅವು ನನ್ನವು, ವಾಪಸ್ ತಗೊಂಡೆ” ಎಂದೆ. ಶಿಕ್ಷೆಯೆಂದು ಯಾರೂ ಹೇಳಲಿಲ್ಲ. ಎರಡು ಶನಿವಾರ ಹಿಂಜವಾಡಿಯಲ್ಲಿ ತರಬೇತಿಗೆ ಹೋಗಬೇಕೆಂದರು, ಅಷ್ಟೇ. ಅಲ್ಲಿ ಕಾಲರಿಗೆ ಮೈಕು ಸಿಕ್ಕಿಸಿಕೊಂಡ ತರಬೇತುದಾರನೊಬ್ಬ, ‘ನಾನೇಕೆ ಶಿಕ್ಷಕಿಯಾದೆ’ ಎಂದು ಪ್ಯಾರಾಗ್ರಾಫ್ ಬರೆಯಲು ಹೇಳಿದ. ಮದುವೆಯಾಗಿ ಪುಣೆಗೆ ಬಂದೆ, ಮನೆಯ ಹತ್ತಿರ ಸಿಕ್ಕ ಮೊದಲ ಕೆಲಸ ಇದು, ಎಂಬುದು ನಿಜ. ನಾನು ಬರೆದ ಮೂರು ಕಾರಣಗಳೂ ಸುಳ್ಳು, ಬನ್ನು ಮಾತ್ರ ಎರಡೂ ಸರಿಯಿದ್ದವು. ಅವನು ಎಲ್ಲರೆದುರು ಓದಿ ಚಪ್ಪಾಳೆ ಹೊಡೆಸಿದ.

ವಾರ್ಷಿಕ ಪರೀಕ್ಷೆಯಲ್ಲಿ ‘ನನ್ನ ಗೆಳತಿ’ ಬಂತು. ಆ ಹುಡುಗಿ ಐದು ವಾಕ್ಯ ಬರೆದಿದ್ದಳು. ನನ್ನ ಗೆಳತಿ ಪ್ರಪಂಚದಲ್ಲೇ ಅತ್ಯುತ್ತಮ ಗೆಳತಿ, ನಡುವೆ ಒಂದು, ಎರಡು, ಮೂರು, ಕೊನೆಗೆ ಮತ್ತೆ ಅದೇ ಗೆಳತಿ. ಆ ಗೆಳತಿ ಎಲ್ಲಿರುತ್ತಾಳೆ, ಇವಳೊಡನೆ ಯಾವಾಗ ಜಗಳವಾಡಿದಳು, ಒಂದೂ ಇರಲಿಲ್ಲ. ಅಂಕ ಕತ್ತರಿಸಲು ಒಂದು ತಪ್ಪಾದರೂ ಸಿಗಲಿ ಎಂದು ಹುಡುಕಿದೆ. ಸಿಗಲಿಲ್ಲ. ಐದಕ್ಕೆ ಐದು ಕೊಟ್ಟೆ.