ಎರಡೂ ಕಡೆ ಕಸೂತಿ

ವೈಜಾಗಿನ ನಮ್ಮ ಬಾಡಿಗೆ ಮನೆಯ ಬಾಲ್ಕನಿಯಲ್ಲಿ, ಹಿಂದಿದ್ದವರು ಬಿಟ್ಟುಹೋದ ಒಂದು ಹಳೆಯ ಸರ್ಫ್‌ಬೋರ್ಡ್ ಇತ್ತು. ನನ್ನ ಗಂಡ ಅದನ್ನು ಎರಡು ಸ್ಟೂಲುಗಳ ಮೇಲಿಟ್ಟು, ಕಂಬಳಿ ಹಾಸಿ, ಇಸ್ತ್ರಿ ಮೇಜು ಮಾಡಿಕೊಂಡಿದ್ದರು. ಸಮುದ್ರ ಕಿಟಕಿಯಲ್ಲೇ ಕಾಣುತ್ತಿದ್ದಾಗ ಅದನ್ನು ನೀರಿಗಿಳಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಬ್ಯಾಂಕಿನವರು ನನ್ನನ್ನು ವಿಜಯವಾಡಕ್ಕೆ ವರ್ಗ ಮಾಡಿದ ಮೇಲೆ, ಅಂದರೆ ಸಮುದ್ರವೇ ಇಲ್ಲದ ಊರಿಗೆ ಆ ಇಸ್ತ್ರಿ ಮೇಜನ್ನೂ ಹೊತ್ತು ಬಂದ ಮೇಲೆ, ಐವತ್ತು ದಾಟಿದ ನನಗೆ ಅದರ ಮೇಲೊಮ್ಮೆ ನೆಟ್ಟಗೆ ನಿಲ್ಲಬೇಕೆಂಬ ಹುಚ್ಚು ಹಿಡಿಯಿತು. ಗಂಡ ನಕ್ಕರು. ಆ ನಗು ಕೇಳಿ ಹುಚ್ಚು ಹಠವಾಯಿತು.

ಹಠಕ್ಕೆ ಪಾಲುದಾರರಾಗಿ ಸಿಕ್ಕಿದ್ದು ಅತ್ತೆ. ಧಾರವಾಡದವರು, ಕಸೂತಿಯಲ್ಲಿ ಎತ್ತಿದ ಕೈ. ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲಾಗದೆ, ದಾರದ ಡಬ್ಬಿಯನ್ನು ಕಪಾಟಿನ ಮೇಲಕ್ಕೆ ಎಸೆದಿದ್ದರು. ಅವರ ಕೈ ಸುಮ್ಮನೆ ಮಡಿಲಲ್ಲಿ ಬಿದ್ದಿರುವುದನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು. ಬೋರ್ಡಿನ ಮೇಲೆ ಕೈಯಾಡಿಸಿ ನೋಡಿದ ಅತ್ತೆ, "ಇಷ್ಟ ದೊಡ್ಡದಾದ್ರ ನನಗ ಕಾಣತೈತಿ. ಇದರ ಮ್ಯಾಲ ಕಸೂತಿ ಬರಿ. ನೀರಿನ್ಯಾಗ ತೇಲೋದು ಒಮ್ಮೆ ಕಣ್ತುಂಬ ನೋಡತೇನಿ" ಅಂದರು.

ಟೆರೇಸಿನಲ್ಲಿ ಕೆಲಸ ಶುರುವಾಯಿತು. ಬೋರ್ಡಿಗೆ ಅಂಟಿದ್ದ ಹಳೆಯ ಮೇಣ ವಿಜಯವಾಡದ ಬಿಸಿಲಿಗೆ ತಾನೇ ಕರಗಿ ಶರಣಾಯಿತು; ದೋಸೆ ಮಗುಚುವ ಕೈಯಿಂದ ಬಳಿದು ತೆಗೆದೆ. ಬೆಂಜ್ ಸರ್ಕಲ್ ಹತ್ತಿರ ಕಾರಿನ ಬಂಪರ್ ರಿಪೇರಿ ಮಾಡುವ ಅಂಗಡಿಯಿಂದ ರೆಸಿನ್ ಅಂಟು ತಂದು ಬಿರುಕು ತುಂಬಿ, ಉಪ್ಪುಕಾಗದದಿಂದ ಉಜ್ಜಿದೆ. ಗಂಡ ಇಸ್ತ್ರಿಪೆಟ್ಟಿಗೆಯಿಂದ ಸುಟ್ಟಿದ್ದ ತ್ರಿಕೋನದ ಕಲೆ ಮಾತ್ರ ಹೋಗಲೊಲ್ಲದು. ಅತ್ತೆ ಅದರ ಮೇಲೇ ಗೋಪುರ ಬರೆಸಿದರು. ಬೋರ್ಡಿನ ತುಂಬ ಪೆನ್ಸಿಲಿನ ಚೌಕ ಹಾಕಿಸಿ, ಅವೇ ಬಟ್ಟೆಯ ಎಳೆಗಳೆಂದು ನನ್ನಿಂದ ಜೋರಾಗಿ ಎಣಿಕೆ ಮಾಡಿಸಿದರು. ಎಣಿಕೆ ತಪ್ಪಿದರೆ ಬೈಗುಳ. ಬ್ಯಾಂಕಿನಲ್ಲಿ ನಾನು ನಾಲ್ಕು ಜನರನ್ನು ಗದರಿಸುವವಳು ಅನ್ನುವುದು ಟೆರೇಸಿನಲ್ಲಿ ಲೆಕ್ಕಕ್ಕಿರಲಿಲ್ಲ.

ನವಿಲು, ಆನೆ, ತೇರು ಎಲ್ಲ ಮುಗಿದು ಬ್ರಶ್ ತೊಳೆಯಲು ಎದ್ದೆ. "ಬೋರ್ಡ್ ಹೊಳ್ಳಿ ಹಾಕು" ಅಂದರು.

"ಅತ್ತಿ, ಆ ಕಡೆ ನೀರಾಗ ಇರತೈತ್ರಿ. ಮೀನ ಬಂದು ನೋಡತಾವೇನು?"

"ಕಸೂತಿಗೆ ಹಿಂದ-ಮುಂದ ಇರಂಗಿಲ್ಲ. ಎರಡೂ ಕಡೆ ಒಂದ ನಮೂನಿ ಇರಬೇಕು. ಅರ್ಧಾ ಕೆಲಸ ನನ್ನ ಮುಂದ ಬ್ಯಾಡ."

ಮನಸ್ಸಿನಲ್ಲೇ ಬೈದುಕೊಳ್ಳುತ್ತ ಮತ್ತೆ ಬೆನ್ನು ಬಗ್ಗಿಸಿದೆ. ಕೆಳಗಿನ ಮನೆಯ ತೆಲುಗಿನಾಕೆ ಬಟ್ಟೆ ಒಣಹಾಕಲು ಬಂದವರು, ಇದು ಊರಿನ ಇಂದ್ರಕೀಲಾದ್ರಿ ಬೆಟ್ಟದ ದೇವಿ ಅಮ್ಮನವರಿಗೆ ಹರಕೆಯ ಪೀಠವೆಂದು ತಿಳಿದು ಕೈಮುಗಿದರು. ಅತ್ತೆ ತಿದ್ದಲಿಲ್ಲ. ಅವರ ಅಂಗೈಗೆ ಒಂದಿಷ್ಟು ಸಕ್ಕರೆ ಹಾಕಿ ಕಳಿಸಿದರು.

ಕೊನೆಗೊಂದು ರಜೆಯಲ್ಲಿ ಮೂವರೂ ಬೋರ್ಡ್ ಸಮೇತ ಹೊರಟೆವು. ವೈಜಾಗಿನ ಹೊರವಲಯದ ದುವ್ವಾಡದಲ್ಲಿ ರೈಲಿಳಿದಾಗ ಆಟೋದವರೆಲ್ಲ ನಮ್ಮ ಸಾಮಾನು ನೋಡಿ ಮುಖ ತಿರುಗಿಸಿದರು. ಸೊಪ್ಪಿನ ಟೆಂಪೋ ಹಿಡಿದು ಸಮುದ್ರ ಮುಟ್ಟಿದೆವು. ಅತ್ತೆ ಮರಳಿನ ಮೇಲೆ ಕುರ್ಚಿ ಹಾಕಿಸಿಕೊಂಡು ಸೀರೆಯ ಸೆರಗು ಸರಿಮಾಡಿ ಕೂತರು.

ಸರ್ಫಿಂಗ್ ಕಲಿಸುವವನು ಬಂದ. ಕಾಲು ಜಾರಬಾರದೆಂದು ಬೋರ್ಡಿನ ಮೇಲ್ಭಾಗಕ್ಕೆಲ್ಲ ದಪ್ಪಗೆ ಮೇಣ ಉಜ್ಜಿದ. ನೋಡನೋಡುತ್ತ ಗೋಪುರವೂ ನವಿಲೂ ಬೆಳ್ಳಗಿನ ಮಬ್ಬಿನಲ್ಲಿ ಮುಳುಗಿದವು. ಅತ್ತೆಯ ಮುಖ ಸಣ್ಣದಾಯಿತು. ಅವರು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮೊದಲ ಅಲೆಗೇ ನಾನು ಬಿದ್ದೆ. ಮೂಗಿನಲ್ಲಿ ಉಪ್ಪುನೀರು ತುಂಬಿಕೊಂಡು ತಲೆ ಎತ್ತಿದರೆ, ಬೋರ್ಡ್ ಬುಡಮೇಲಾಗಿ ತೇಲುತ್ತಿತ್ತು. ಕೆಳಗಿದ್ದ ಆನೆ, ತೇರು, ಗೋಪುರ ಎಲ್ಲ ಮೇಲೆ ಬಂದು, ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದವು. ದಡದಿಂದ ಅತ್ತೆಯ ಕೂಗು ಕೇಳಿಸಿತು: "ಕಂಡ್ತು! ಅದಕ್ಕ ಹೇಳಿದ್ದು, ಎರಡೂ ಕಡೆ ಅಂತ!"

ನಾನು ಬೀಳುತ್ತ ಹೋದೆ, ಅತ್ತೆ ಚಪ್ಪಾಳೆ ತಟ್ಟುತ್ತ ಹೋದರು. ಸೊಸೆ ಬಿದ್ದದ್ದಕ್ಕೆ ಇಷ್ಟು ಬಹಿರಂಗವಾಗಿ ಖುಷಿಪಟ್ಟ ಅತ್ತೆಯನ್ನು ಅಲ್ಲಿದ್ದವರು ಹಿಂದೆಂದೂ ನೋಡಿರಲಾರರು. ಬಿಸಿಲು ಇಳಿಯುವ ಹೊತ್ತಿಗೆ ಒಂದು ಅಲೆ ನನ್ನ ಮೇಲೆ ಕರುಣೆ ತೋರಿತು. ಎರಡೂ ಕೈ ಊರಿ ಎದ್ದೆ. ನಿಂತೆ! ಗಂಡ ನಗುವುದನ್ನು ಮರೆತು ಬಾಯಿ ತೆರೆದುಕೊಂಡು ನಿಂತಿದ್ದರು.

ಅಷ್ಟರಲ್ಲಿ ಕುರ್ಚಿಯಿಂದ ಸಿಟ್ಟಿನ ದನಿ ಬಂತು: "ಏನ ನಿಂತೀಯವಾ ಹಂಗ! ನನಗೇನೂ ಕಾಣವಲ್ದು. ಬೀಳು!"

ಗಂಡ ನೋಡಿಯಾಗಿತ್ತು. ಇನ್ನು ಅತ್ತೆ ನೋಡಲಿ ಎಂದು, ಬೇಕಂತಲೇ ಬಿದ್ದೆ.