ಅಂಡಮಾನಿನ ದಂಡೆಯಲ್ಲಿ ಬಿಟ್ಟುಬಂದ ಅಕ್ಕ

“ಮಾಮಾ, ನಿಮ್ಮ ಅಕ್ಕಾರು ನಿಮ್ಮ ಗಾಡ್ಯಾಗ ಇಲ್ಲೇನ್ರೀ?”

ಇನ್ನೊಂದು ಕಾರಿನಿಂದ ಇಳಿದು ಬಂದ ಹೆಂಡತಿಯ ತಮ್ಮ ಹೀಗೆ ಕೇಳಿದಾಗ ನನ್ನ ಎದೆ ಧಸಕ್ಕೆಂದಿತು. ಅಂಡಮಾನಿನ ಕಡಲದಂಡೆಯ ರಸ್ತೆಯಲ್ಲಿ ಎರಡು ಕಾರು ಮಾಡಿಕೊಂಡು ಸುತ್ತುತ್ತಿದ್ದೆವು. ನಮ್ಮೂರು ಮಸ್ಕಿಯಿಂದ ತಂದ ಖಡಕ್ ರೊಟ್ಟಿಯ ಗಂಟನ್ನು ಅಕ್ಕ ನನ್ನ ಅತ್ತೆ-ಮಾವನ ಎದುರು ಬಿಚ್ಚುತ್ತಾಳೆಂದು ನಾಚಿ, ಆಕೆಯನ್ನು ಇನ್ನೊಂದು ಕಾರಿಗೆ ಕಳಿಸಿದ್ದೆ. ಹತ್ತಿದಳೋ ಇಲ್ಲವೋ ನೋಡಿರಲಿಲ್ಲ. ಆಕೆಗೆ ಹಿಂದಿ ಬಾರದು, ಕೈಯಲ್ಲಿ ಫೋನೂ ಇಲ್ಲ.

ಗಾಬರಿಯಿಂದ, ಹೊರಟಿದ್ದ ದಂಡೆಗೇ ತಿರುಗಿ ಹೋದರೆ, ಅಕ್ಕ ಎಳನೀರು ಮಾರುವವಳ ಜೊತೆ ನೆರಳಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದಳು.

“ನಾವು ಬಂದಿದ್ದು ಸಮುದ್ರ ನೋಡಾಕ. ನೀವೇನ್ಲೇ, ರಸ್ತೆ ನೋಡಾಕ ಹೋಗಿದ್ರೇನು?” ಎಂದು ನಕ್ಕಳು. ನನಗೆ ಹೋದ ಜೀವ ಬಂತು.

ಅಲ್ಲಿಂದ ಆಕೆ ನನ್ನ ಪಕ್ಕದಲ್ಲೇ ಕೂತಳು, ಗಂಟು ನನ್ನ ತೊಡೆಯ ಮೇಲಿತ್ತು. ಅವತ್ತು ಬೇರೆ ಕಾರಿಗೆ ಯಾಕೆ ಕಳಿಸಿದೆನೆಂದು ಇನ್ನೂ ಹೇಳಿಲ್ಲ. ಅಕ್ಕನಿಗೆ ಓದಲು ಬರುವುದಿಲ್ಲ. ಇದು ಅಚ್ಚಾದರೆ ನಾನೇ ಓದಿ ಹೇಳಬೇಕು.